ಹಲ್ಲಿನ ಹುಳಕ್ಕೆ ತಣ್ಣನೆಯ ಮಿಂಚು

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಹಲ್ಲುನೋವಿಗೆ ಡಾಕ್ಟರ ಬಳಿ ಹೋಗುವ ಪದ್ಧತಿ ಇರಲಿಲ್ಲ. ಹೊಗೆ ಹಾಕಿಸಿಕೊಳ್ಳುವ ಪದ್ಧತಿ ಇತ್ತು. ಅದಕ್ಕೆಂದೇ ಪಕ್ಕದ ಹಳ್ಳಿಯಿಂದ ಒಬ್ಬ ಮುದುಕ ಬರುತ್ತಿದ್ದ. ಕಬ್ಬಿಣದ ಸೌಟನ್ನು ಕೆಂಡದಲ್ಲಿಟ್ಟು ಕಾಯಿಸಿ, ಅದರ ಮೇಲೆ ಒಣಗಿದ ನೆಲಗುಳ್ಳದ ಬೀಜವನ್ನೂ ಒಂದೆರಡು ತೊಟ್ಟು ಎಣ್ಣೆಯನ್ನೂ ಹಾಕಿ, ಭುಗ್ಗನೆ ಏಳುವ ಹೊಗೆಯನ್ನು ಪರಂಗಿ ಎಲೆಯ ದಂಟಿನ ಕೊಳವೆಯಲ್ಲಿ ನೋಯುವ ಹಲ್ಲಿನ ಬುಡಕ್ಕೆ ಬಿಡುತ್ತಿದ್ದ. ಬಾಯಿಯ ಕೆಳಗೆ ಹಿಡಿದ ನೀರಿನ ಬಟ್ಟಲಿನಲ್ಲಿ ಬಿಳಿಯ ಎಳೆಯಂಥದೇನೋ ತೇಲುತ್ತಿತ್ತು. ‘ನೋಡಮ್ಮ, ಮೂರು ಹುಳ ಬಿದ್ದವು’ ಎಂದು ಅವನು ತೋರಿಸಿದರೆ ನಮ್ಮ ಅಜ್ಜಿ ಎರಡು ಸೇರು ಅಕ್ಕಿ ಅಳೆದು ಕೊಡುತ್ತಿದ್ದಳು. ಒಂದೆರಡು ದಿನ ನೋವು ಕಡಿಮೆಯಾದಂತೆ ಅನ್ನಿಸುತ್ತಿದ್ದದ್ದೂ ಉಂಟು. ಮೂರನೆಯ ದಿನ ಕೆನ್ನೆ ಮತ್ತೆ ಊದಿಕೊಂಡಾಗ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: ‘ಹಾಳಾದ್ದು, ಒಂದು ಹುಳ ಒಳಗೇ ಉಳಕೊಂಡಿದೆ.’

ಕಳೆದ ತಿಂಗಳು ನನ್ನ ಎಡಗಡೆಯ ದವಡೆ ಹಲ್ಲಿನ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದ ದಂತವೈದ್ಯೆ ಹೆಚ್ಚೂಕಡಿಮೆ ಅದೇ ಮಾತನ್ನು ಹೇಳಿದರು. ಆ ಹಲ್ಲಿಗೆ ಏಳು ವರ್ಷದ ಹಿಂದೆ ಬೇರೆ ಊರಿನಲ್ಲಿ ರೂಟ್ ಕೆನಾಲ್ ಆಗಿತ್ತು. ನರ ತೆಗೆದು, ತೊಳೆದು, ತುಂಬಿ, ಮೇಲೊಂದು ಕಿರೀಟವನ್ನೂ ಹಾಕಿಸಿಕೊಂಡು, ಇನ್ನು ಈ ಜನ್ಮಕ್ಕೆ ಅದರ ಗೊಡವೆ ಇಲ್ಲವೆಂದು ನೆಮ್ಮದಿಯಾಗಿದ್ದೆ. ಈಗ ಬೇರಿನ ತುದಿಯಲ್ಲಿ ಹುರುಳಿಕಾಳಿನಷ್ಟು ಕಪ್ಪು ಮಚ್ಚೆ. ‘ಸರ್, ಒಳಗೆ ಇನ್ನೂ ಬಾಡಿಗೆದಾರರು ಇದ್ದಾರೆ. ಪೂರ್ತಿ ಖಾಲಿ ಮಾಡಿಸಿರಲಿಲ್ಲ’ ಎಂದರು ಡಾಕ್ಟರು.

ಹುಳದ ಕಥೆಯನ್ನು ಮೊದಲು ಮುಗಿಸಿಬಿಡೋಣ. ಹಲ್ಲಿನೊಳಗೆ ಹುಳ ಇದೆಯೆಂಬ ನಂಬಿಕೆ ನಮ್ಮ ಊರಿನದಷ್ಟೇ ಅಲ್ಲ, ಬ್ಯಾಬಿಲೋನಿನಿಂದ ಇಂಗ್ಲೆಂಡಿನವರೆಗೆ ಇತ್ತು. ಹೊಗೆಯ ಚಿಕಿತ್ಸೆಯೂ ಇತ್ತು, ಅದರಲ್ಲಿ ಮೋಸವೂ ಇತ್ತು. 1597ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡ್ ಎಂಬಾತ ತನ್ನ ಗಿಡಮೂಲಿಕೆಗಳ ಪುಸ್ತಕದಲ್ಲಿ, ಊರೂರು ಅಲೆಯುವ ಹಲ್ಲು ಕೀಳುವವರು ಬೀಜದ ಹೊಗೆ ಹಾಕಿ, ವೀಣೆಯಂಥ ವಾದ್ಯದ ತಂತಿಯ ಚೂರುಗಳನ್ನು ನೀರಿಗೆ ಹಾಕಿ ಹುಳವೆಂದು ತೋರಿಸಿ ದುಡ್ಡು ಮಾಡುತ್ತಾರೆಂದು ಬರೆದ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಸೂಕ್ಷ್ಮದರ್ಶಕ ಹಿಡಿದು ಹುಳುಕು ಹಲ್ಲುಗಳನ್ನು ಹುಡುಕಿ, ತನಗೆ ಒಂದು ಹುಳವೂ ಕಾಣಲಿಲ್ಲವೆಂದ. ದಂತವೈದ್ಯಕ್ಕೆ ಶಾಸ್ತ್ರದ ರೂಪ ಕೊಟ್ಟ ಮಹಾನುಭಾವ ಆತ. ಆದರೆ ಅವನಿಗಿಂತ 45 ವರ್ಷ ಮೊದಲೇ, 1683ರಲ್ಲಿ, ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತನ್ನ ಹಲ್ಲಿನ ಸಂದಿಯ ಬೆಳ್ಳನೆಯ ಪಾಚಿಯನ್ನು ಕೆರೆದು ತಾನೇ ಮಾಡಿದ ಮಸೂರದಲ್ಲಿ ನೋಡಿ, ಅದರಲ್ಲಿ ಪುಟ್ಟ ಜೀವಿಗಳು ಚಂದವಾಗಿ ಓಡಾಡುತ್ತಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ. ಅಂದರೆ ಅಜ್ಜಿ ಪೂರ್ತಿ ತಪ್ಪಲ್ಲ. ಹುಳದ ಗಾತ್ರದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ.

ಆ ಪುಟ್ಟ ಜೀವಿಗಳೇ ಅಪರಾಧಿಗಳೆಂದು ಖಚಿತವಾಗಲು 1965ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಎರಡು ಗುಂಪು ಇಲಿಗಳನ್ನು ತೆಗೆದುಕೊಂಡರು. ಒಂದು ಗುಂಪು ಹುಟ್ಟಿದಂದಿನಿಂದ ಯಾವ ಬ್ಯಾಕ್ಟೀರಿಯಾದ ಸೋಂಕೂ ಇಲ್ಲದಂತೆ ಸಾಕಿದ್ದು. ಇನ್ನೊಂದು ಸಾಮಾನ್ಯ ಇಲಿಗಳು. ಎರಡೂ ಗುಂಪಿನ ಇಲಿಗಳ ಹಲ್ಲನ್ನು ಕೊರೆದು, ಒಳಗಿನ ಜೀವಂತ ತಿರುಳನ್ನು ಬಯಲಿಗೆ ತೆರೆದು ಹಾಗೆಯೇ ಬಿಟ್ಟರು. ಆಹಾರದ ಚೂರು ಅದರೊಳಗೆ ಸಿಕ್ಕಿಕೊಂಡವು. ಸಾಮಾನ್ಯ ಇಲಿಗಳ ಹಲ್ಲಿನ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವಾಯಿತು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ಅಷ್ಟು ದೊಡ್ಡ ಗಾಯವೂ ತಾನಾಗಿ ಮಾಯ್ದು, ಮೇಲೆ ಹೊಸ ಗೋಡೆ ಕಟ್ಟಿಕೊಂಡಿತು. ದಂತವೈದ್ಯರು ಇವತ್ತು ಮಾಡುವುದೆಲ್ಲ ಒಂದು ರೀತಿಯಲ್ಲಿ ಆ ಇಲಿಗಳ ಹಲ್ಲಿನ ಸ್ಥಿತಿಯನ್ನು ನಮ್ಮ ಬಾಯಿಯಲ್ಲಿ ತರುವ ಪ್ರಯತ್ನ.

ಅದು ಸುಲಭವಲ್ಲ. ಹಲ್ಲಿನ ಬೇರು ಎಂದರೆ ನಾವು ಚಿತ್ರದಲ್ಲಿ ನೋಡುವಂತೆ ನೆಟ್ಟಗಿನ ಕೊಳವೆಯಲ್ಲ. ಜ್ಯೂರಿಕ್ಕಿನ ವಾಲ್ಟರ್ ಹೆಸ್ ಎಂಬಾತ ಕಿತ್ತ ಹಲ್ಲುಗಳ ಒಳಗೆ ರಬ್ಬರು ತುಂಬಿಸಿ, ಗಟ್ಟಿಯಾದ ಮೇಲೆ ಹಲ್ಲನ್ನು ಕರಗಿಸಿ, ಒಳಗಿನ ಟೊಳ್ಳಿನ ಅಚ್ಚು ತೆಗೆದು 1917ರಲ್ಲಿ ಪ್ರಕಟಿಸಿದ. ನೋಡಿದವರಿಗೆ ಎದೆ ಧಸಕ್ಕೆಂದಿರಬೇಕು. ಕವಲುಗಳು, ಅಡ್ಡದಾರಿಗಳು, ಒಂದನ್ನೊಂದು ಕೂಡುವ ಓಣಿಗಳು, ತುದಿಯಲ್ಲಿ ನದೀಮುಖದಂತೆ ಹಂಚಿಹೋದ ಸೀಳುಗಳು. ಇದು ಸಾಲದೆಂಬಂತೆ ಬೇರಿನ ಗೋಡೆಯಲ್ಲೇ ಸಾಸಿವೆಯ ಮುಂದೆ ಸಾಸಿವೆಯಂಥ ರಂಧ್ರಗಳಿವೆ. ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ, ಒಂದೊಂದರ ಅಗಲ ಒಂದರಿಂದ ಮೂರು ಮೈಕ್ರಾನ್. ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದ ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ಕೆಟ್ಟುಹೋದ ರೂಟ್ ಕೆನಾಲ್‌ಗಳನ್ನು ತೆರೆದಾಗ ಪದೇ ಪದೇ ಸಿಗುವ ಆಸಾಮಿ ಇವನೇ. ಉಪವಾಸವಿದ್ದು ತಿಂಗಳುಗಟ್ಟಲೆ ಬದುಕಬಲ್ಲ, ಬಿಲದೊಳಗೆ ತೆವಳಿ ಕೂರಬಲ್ಲ.

ಡಾಕ್ಟರು ಸೂಜಿಯಂಥ ಅರಗಳನ್ನು ಹಾಕಿ ಉಜ್ಜುತ್ತಾರಲ್ಲ, ಅವು ಗೋಡೆಯನ್ನೆಲ್ಲ ಮುಟ್ಟುತ್ತವೆಯೇ? 2001ರಲ್ಲಿ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ, ಬಳಸಿದ ಅರ ಯಾವುದೇ ಇರಲಿ, ಒಳಗೋಡೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗವನ್ನು ಅದು ಮುಟ್ಟಿಯೇ ಇರಲಿಲ್ಲ. ಮೂಲೆಮೂಲೆಯ ಕೆಲಸವನ್ನು ದ್ರಾವಣವೇ ಮಾಡಬೇಕು. ಆ ದ್ರಾವಣ ಯಾವುದು ಗೊತ್ತೇ? ಸೋಡಿಯಂ ಹೈಪೊಕ್ಲೋರೈಟ್. ನಾವು ನೆಲ ತೊಳೆಯಲು, ಬಿಳಿಬಟ್ಟೆಯ ಕಲೆ ತೆಗೆಯಲು ಬಳಸುವ ಬ್ಲೀಚಿನ ಅಣ್ಣತಮ್ಮ. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಹೆನ್ರಿ ಡಾಕಿನ್ ಎಂಬ ರಸಾಯನತಜ್ಞ ಇದನ್ನು ತೆಳು ಮಾಡಿ ಬಳಸಿ ಹೆಸರು ಮಾಡಿದ. ಕೊಳೆತ ಮಾಂಸವನ್ನೂ ಕರಗಿಸುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಬೆಲೆಯೂ ಕಡಿಮೆ. ಇದರ ಸ್ಥಾನವನ್ನು ಅಲುಗಿಸುವ ಮದ್ದು ಇನ್ನೂ ಬಂದಿಲ್ಲ. ಆದರೆ ದ್ರವ ದ್ರವವೇ. ಕೂದಲಿಗಿಂತ ಕಿರಿದಾದ ಬಿಲದ ಬಾಯಲ್ಲಿ ಗಾಳಿಯ ಗುಳ್ಳೆಯೊಂದು ಕುಳಿತರೆ ಅದು ಮುಂದೆ ಹೋಗುವುದಿಲ್ಲ. ಒತ್ತಿ ನೂಕಿದರೆ ಬೇರಿನ ತುದಿ ದಾಟಿ ದವಡೆಯ ಮಾಂಸಕ್ಕೆ ನುಗ್ಗಿ, ಮುಖ ನಿಮಿಷಗಳಲ್ಲಿ ಊದಿಕೊಂಡು, ರೋಗಿ ಕಿರುಚುವಂಥ ನೋವಾಗುತ್ತದೆ.

ಮಾತ್ರೆ ನುಂಗಿದರೆ ಆಗದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ. ಆಂಟಿಬಯೋಟಿಕ್ ಹೋಗುವುದು ರಕ್ತದ ದಾರಿಯಲ್ಲಿ. ನಮ್ಮ ಬಿಳಿ ರಕ್ತಕಣಗಳು ಹೋಗುವುದೂ ಅದೇ ದಾರಿಯಲ್ಲಿ. ಹೆದ್ದಾರಿಯೇ ಮುಚ್ಚಿದ ಮೇಲೆ ಪೊಲೀಸರೂ ಇಲ್ಲ, ಪಡೆಯೂ ಇಲ್ಲ. ಊತ ಇಳಿಯುತ್ತದೆ, ಬಾಡಿಗೆದಾರರು ಒಳಗೇ ಇರುತ್ತಾರೆ. ಮೆಡಿಕಲ್ ಸ್ಟೋರಿನವನನ್ನು ಕೇಳಿ ಮಾತ್ರೆ ನುಂಗುತ್ತಲೇ ವರ್ಷ ತಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು.

ದ್ರವ ನುಗ್ಗದ ಕಡೆ ಅನಿಲ ನುಗ್ಗಬಹುದಲ್ಲವೇ? ನಮ್ಮೂರ ಮುದುಕನ ತರ್ಕವೂ ಇದೇ. ಅವನ ಅನಿಲದಲ್ಲಿ ಸತ್ವವಿರಲಿಲ್ಲ, ಅಷ್ಟೆ. ಸತ್ವವುಳ್ಳ ಅನಿಲವೊಂದು ಈಗ ಪ್ರಯೋಗಶಾಲೆಗಳಲ್ಲಿ ತಯಾರಾಗಿದೆ. ಅದರ ಹೆಸರು ಶೀತಲ ಪ್ಲಾಸ್ಮಾ.

ಹೆಸರಿನಿಂದಲೇ ಗೊಂದಲ ಶುರು. ರಕ್ತದ ಪ್ಲಾಸ್ಮಾ ಬೇರೆ, ಇದು ಬೇರೆ. ಕೆಲವು ದಂತ ಚಿಕಿತ್ಸಾಲಯಗಳಲ್ಲಿ ನಿಮ್ಮದೇ ರಕ್ತ ತೆಗೆದು ಗಿರಗಿರ ತಿರುಗಿಸಿ ಪಿ.ಆರ್.ಪಿ. ಎಂದು ಹಾಕುತ್ತಾರೆ. ಅದು ಮೊದಲನೆಯ ಜಾತಿ. ನಾನು ಹೇಳುತ್ತಿರುವುದು ಭೌತವಿಜ್ಞಾನದ ಪ್ಲಾಸ್ಮಾ: ಘನ, ದ್ರವ, ಅನಿಲ ದಾಟಿದ ನಾಲ್ಕನೆಯ ಸ್ಥಿತಿ. ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಎಲ್ಲವೂ ವಿದ್ಯುದಾವಿಷ್ಟವಾಗಿ ಹೊಯ್ದಾಡುವ ಸ್ಥಿತಿ. ಇಷ್ಟಕ್ಕೂ ಗೊಂದಲ ಹುಟ್ಟಿಸಿದವನು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್. 1928ರಲ್ಲಿ ಈ ಸ್ಥಿತಿಗೆ ಹೆಸರಿಡುವಾಗ ಅವನಿಗೆ ಕಣಗಳನ್ನು ಹೊತ್ತೊಯ್ಯುವ ರಕ್ತದ ಪ್ಲಾಸ್ಮಾ ನೆನಪಾಯಿತಂತೆ. ಬಿಸಿಯಾದ ಅನಿಲ ಯಾವಾಗ ಹೀಗೆ ಅಯಾನೀಕರಣಗೊಳ್ಳುತ್ತದೆಂಬ ಲೆಕ್ಕವನ್ನು ಅದಕ್ಕೂ ಮೊದಲೇ, 1920ರಲ್ಲಿ, ಕೊಟ್ಟವರು ನಮ್ಮವರೇ ಆದ ಮೇಘನಾದ ಸಹಾ.

ಪ್ಲಾಸ್ಮಾ ಎಂದೊಡನೆ ಸೂರ್ಯ, ಮಿಂಚು, ವೆಲ್ಡಿಂಗಿನ ಕಿಡಿ ಕಣ್ಣಮುಂದೆ ಬರುತ್ತವೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಚಾಲೂ ಆದ ‘ಆದಿತ್ಯ’ ಯಂತ್ರದಲ್ಲಿ ಹುಟ್ಟುವ ಪ್ಲಾಸ್ಮಾದ ಶಾಖ ಲಕ್ಷಗಟ್ಟಲೆ ಡಿಗ್ರಿ. ಇಂಥದನ್ನು ಬಾಯಿಗೆ ಹಿಡಿಯುವುದೇ? ಇಲ್ಲೇ ಸ್ವಾರಸ್ಯವಿರುವುದು. ಟ್ಯೂಬ್‌ಲೈಟಿನ ಒಳಗಿರುವುದೂ ಪ್ಲಾಸ್ಮಾವೇ. ಆದರೆ ಉರಿಯುತ್ತಿರುವ ಟ್ಯೂಬನ್ನು ಮುಟ್ಟಿದರೆ ಕೈ ಸುಡುವುದಿಲ್ಲ. ಅದರೊಳಗೆ ಎಲೆಕ್ಟ್ರಾನುಗಳು ಮಾತ್ರ ಹತ್ತಾರು ಸಾವಿರ ಡಿಗ್ರಿಗೆ ಸಮನಾದ ಹುಚ್ಚು ವೇಗದಲ್ಲಿ ಓಡುತ್ತಿರುತ್ತವೆ. ಪರಮಾಣುಗಳು ತಣ್ಣಗೇ ಇರುತ್ತವೆ. ಹೀಲಿಯಂ ಪರಮಾಣುವೊಂದು ಎಲೆಕ್ಟ್ರಾನಿಗಿಂತ ಏಳು ಸಾವಿರ ಪಟ್ಟಿಗೂ ಹೆಚ್ಚು ಭಾರ. ಸೊಳ್ಳೆ ಎಷ್ಟೇ ರಭಸದಿಂದ ಬಂದು ಡಿಕ್ಕಿ ಹೊಡೆದರೂ ಎಮ್ಮೆ ಎದ್ದು ಓಡುವುದಿಲ್ಲ. ಟ್ಯೂಬಿನೊಳಗೆ ಗಾಳಿಯ ಒತ್ತಡ ತೀರ ಕಡಿಮೆ ಇರುವುದರಿಂದ ಈ ಆಟ ನಡೆಯುತ್ತದೆ. ಅದನ್ನೇ ಟ್ಯೂಬಿನ ಹೊರಗೆ, ನಾವು ಉಸಿರಾಡುವ ಬಯಲಿನಲ್ಲಿ ನಡೆಸುವುದು ಕಷ್ಟದ ಕೆಲಸ. ಹೀಲಿಯಂ ಅಥವಾ ಆರ್ಗಾನ್ ಅನಿಲವನ್ನು ಸಣ್ಣ ನಳಿಕೆಯಲ್ಲಿ ಹರಿಯಬಿಟ್ಟು, ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಕ್ಷಣಾರ್ಧಕ್ಕಿಂತ ಎಷ್ಟೋ ಕಡಿಮೆ ಅವಧಿಯ ಮಿಡಿತಗಳಾಗಿ ಕೊಟ್ಟರೆ, ಬಿಸಿಯೇರುವ ಮೊದಲೇ ಮಿಡಿತ ಮುಗಿದಿರುತ್ತದೆ. ನಳಿಕೆಯ ತುದಿಯಲ್ಲಿ ನಸುನೇರಳೆ ಬಣ್ಣದ ತೆಳ್ಳನೆಯ ಜ್ವಾಲೆ ಕಾಣುತ್ತದೆ. ಬೆರಳೊಡ್ಡಿದರೆ ತಣ್ಣಗಿನ ಗಾಳಿ ಸೋಕಿದಂತೆ ಅಷ್ಟೆ.

ಈ ತಂಪು ದಂತವೈದ್ಯಕ್ಕೆ ಪ್ರಾಣ. ತಿರುಳು ಇನ್ನೂ ಬದುಕಿರುವ ಹಲ್ಲಿನೊಳಗೆ ಶಾಖ ಐದೂವರೆ ಡಿಗ್ರಿ ಸೆಲ್ಸಿಯಸ್ ಏರಿದರೂ ಕೆಲವು ತಿರುಳುಗಳು ಸಾಯುತ್ತವೆಂದು 1965ರಷ್ಟು ಹಿಂದೆಯೇ ಕೋತಿಗಳ ಮೇಲಿನ ಪ್ರಯೋಗ ತೋರಿಸಿತ್ತು.

ಜ್ವಾಲೆಗೆ ಬಿಸಿಯಿಲ್ಲದಿದ್ದರೆ ಬ್ಯಾಕ್ಟೀರಿಯಾ ಹೇಗೆ ಸಾಯುತ್ತದೆ? ಆ ಓಡುವ ಎಲೆಕ್ಟ್ರಾನುಗಳು ಸುತ್ತಲಿನ ಗಾಳಿಯ ಆಮ್ಲಜನಕ, ಸಾರಜನಕ, ತೇವಗಳನ್ನು ಒಡೆದು ಒಂಟಿ ಆಮ್ಲಜನಕ, ಓಝೋನ್, ಹೈಡ್ರಾಕ್ಸಿಲ್, ನೈಟ್ರಿಕ್ ಆಕ್ಸೈಡ್ ಎಂಬ ಕಚ್ಚುನಾಯಿಗಳನ್ನು ಹುಟ್ಟಿಸುತ್ತವೆ. ಇವು ಸಿಕ್ಕ ಸಿಕ್ಕ ಅಣುವಿಗೆ ಬಾಯಿ ಹಾಕುತ್ತವೆ. ಬ್ಯಾಕ್ಟೀರಿಯಾದ ಹೊರಪೊರೆ ಹರಿಯುತ್ತದೆ. ಕ್ಷಣದಲ್ಲೇ ಇವುಗಳ ಆಯುಸ್ಸೂ ಮುಗಿಯುತ್ತದೆ, ತೊಳೆಯಬೇಕಾದ ವಿಷ ಉಳಿಯುವುದಿಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿ ಕೊಲ್ಲುವುದೂ ಇಂಥ ಆಮ್ಲಜನಕದ ಅಸ್ತ್ರಗಳಿಂದಲೇ. ಹೈಪೊಕ್ಲೋರಸ್ ಆಮ್ಲವನ್ನೂ, ಅಂದರೆ ಬ್ಲೀಚಿನ ಸತ್ವವನ್ನೂ, ಅವು ತಮ್ಮೊಳಗೇ ತಯಾರಿಸುತ್ತವೆ. ಪೊಲೀಸರು ಹೋಗಲಾರದ ಓಣಿಗೆ ಅವರ ಲಾಠಿಯನ್ನಾದರೂ ಕಳಿಸೋಣ ಎಂಬ ಉಪಾಯ ಇದು ಎನ್ನಿ.

ಅಮೆರಿಕದ ಮುನೀರ್ ಲಾರೂಸಿ ಬಯಲಿನ ಒತ್ತಡದ ಪ್ಲಾಸ್ಮಾದಿಂದ ಬ್ಯಾಕ್ಟೀರಿಯಾ ಕೊಲ್ಲಬಹುದೆಂದು 1996ರಲ್ಲಿ ತೋರಿಸಿದರು. ಹಾಲೆಂಡಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಏವಾ ಸ್ಟೋಫೆಲ್ಸ್ ಮತ್ತು ಸಂಗಡಿಗರು 2002ರಲ್ಲಿ ‘ಪ್ಲಾಸ್ಮಾ ಸೂಜಿ’ಯನ್ನು ರೂಪಿಸಿ, ಕೆಲವೇ ವರ್ಷಗಳಲ್ಲಿ ಅದನ್ನು ಹಲ್ಲಿನ ಕುಳಿಗಳತ್ತ ತಿರುಗಿಸಿದರು. ಅವರ ಗುಂಪಿನ ಸ್ಲಾಡೆಕ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾದ ಪಾಚಿಯನ್ನು ಎರಡು ಬಗೆಯಲ್ಲಿ ಬೆಳೆಸಿದರು: ಸಕ್ಕರೆ ಹಾಕದೆ ಮತ್ತು ಸಕ್ಕರೆ ಹಾಕಿ. ಸಕ್ಕರೆಯಿಲ್ಲದ ಪಾಚಿ ಒಂದೇ ನಿಮಿಷದ ಪ್ಲಾಸ್ಮಾಕ್ಕೆ ಮತ್ತೆ ತಲೆ ಎತ್ತಲಿಲ್ಲ. ಸಕ್ಕರೆ ತಿಂದ ಪಾಚಿಯ ಬೆಳವಣಿಗೆ ಕಡಿಮೆಯಾಯಿತು, ಅಷ್ಟೆ. ಮತ್ತೆ ಮತ್ತೆ ಹಿಡಿದರೂ ನಿರ್ನಾಮವಾಗಲಿಲ್ಲ. ಈ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟುಲೋಳೆ ತಯಾರಿಸಿ ಹೊದಿಕೆ ಮಾಡಿಕೊಳ್ಳುತ್ತದೆ. ಕಾಫಿಗೆ ಮೂರು ಚಮಚ ಹಾಕಿಕೊಳ್ಳುವ ನನ್ನಂಥವನ ಬಾಯಿಗೆ ಯಾವ ಯಂತ್ರ ತಂದರೇನು!

ಇನ್ನೊಂದು ಪ್ರಯೋಗ ಕ್ಯಾಲಿಫೋರ್ನಿಯಾದ್ದು. 2009ರಲ್ಲಿ ಚುಂಚಿ ಜಿಯಾಂಗ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳ ಬೇರಿನ ದಾರಿಗೆ ಪ್ಲಾಸ್ಮಾದ ಕಡ್ಡಿಯಂಥ ಜ್ವಾಲೆಯನ್ನು ಐದು ನಿಮಿಷ ಹಿಡಿದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಾಯಿಯಿಂದ ಒಂದು ಮಿಲಿಮೀಟರ್ ಆಳದವರೆಗೆ ಪಾಚಿ ಸಂಪೂರ್ಣ ನಾಶವಾಗಿತ್ತು. ಸುದ್ದಿ ಓದಿ ನಾನು ಸಂತೋಷಪಟ್ಟೆ. ಆಮೇಲೆ ನನ್ನದೇ ಎಕ್ಸ್‌ರೇ ನೆನಪಾಯಿತು. ದವಡೆ ಹಲ್ಲಿನಲ್ಲಿ ಮೇಲಿನಿಂದ ಬೇರಿನ ತುದಿಯವರೆಗೆ ಇಪ್ಪತ್ತು ಮಿಲಿಮೀಟರ್ ಆಸುಪಾಸು. ನನ್ನ ಬಾಡಿಗೆದಾರರಿರುವುದು ಕೊನೆಯ ಮನೆಯಲ್ಲಿ.

ಆಮೇಲಿನ ವರ್ಷಗಳಲ್ಲಿ ನಳಿಕೆಗಳು ಸಪೂರವಾದವು, ಪ್ರಯೋಗಗಳ ರಾಶಿಯೇ ಬಿದ್ದಿತು. ಕೆಲವದರಲ್ಲಿ ಪ್ಲಾಸ್ಮಾ ಹೈಪೊಕ್ಲೋರೈಟಿಗೆ ಸಮ ನಿಂತಿತು, ಕೆಲವದರಲ್ಲಿ ಸೋತಿತು, ಎರಡನ್ನೂ ಸೇರಿಸಿದಾಗ ಒಳ್ಳೆಯ ಫಲ ಸಿಕ್ಕಿದ್ದೂ ಉಂಟು. ಆದರೆ ಇವುಗಳಲ್ಲಿ ಬಹುಪಾಲು ಗಾಜಿನ ತಟ್ಟೆಯಲ್ಲಿ, ಕಿತ್ತ ಹಲ್ಲಿನಲ್ಲಿ ನಡೆದವು. ಬೇರಿನ ದಾರಿ ತೇವವಾಗಿದ್ದರೆ ಒಂದು ಫಲ, ಒಣಗಿದ್ದರೆ ಇನ್ನೊಂದು. ಒಬ್ಬರ ಯಂತ್ರ ಇನ್ನೊಬ್ಬರದಂತಿಲ್ಲ, ಒಬ್ಬರ ಅನಿಲ ಇನ್ನೊಬ್ಬರದಲ್ಲ. ಬದುಕಿರುವ ಬಾಯಿಯಲ್ಲಿ ಜೊಲ್ಲು, ರಕ್ತ, ನಾಲಿಗೆ, ಹೆದರಿಕೆ ಎಲ್ಲ ಇರುತ್ತವೆ. ಚಿಕಿತ್ಸೆ ಗೆದ್ದಿತೋ ಸೋತಿತೋ ಎಂದು ತಿಳಿಯಲು ವರ್ಷಗಟ್ಟಲೆ ಕಾದು ಎಕ್ಸ್‌ರೇ ತೆಗೆಯಬೇಕು. ಚರ್ಮದ ಗಾಯಗಳ ಮಟ್ಟಿಗೆ ಪ್ಲಾಸ್ಮಾ ಈ ಹೊಳೆಯನ್ನು ದಾಟಿದೆ. ಜರ್ಮನಿಯ ಗ್ರೈಫ್ಸ್‌ವಾಲ್ಡಿನಲ್ಲಿ ಹುಟ್ಟಿದ ಒಂದು ಉಪಕರಣಕ್ಕೆ 2013ರಲ್ಲಿ ವೈದ್ಯಕೀಯ ಸಾಧನವೆಂಬ ಮಾನ್ಯತೆ ಸಿಕ್ಕಿತು. ಹಲ್ಲಿನ ಬೇರಿನ ಮಟ್ಟಿಗೆ ಅದು ಇನ್ನೂ ದಡದಲ್ಲೇ ಇದೆ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದವರ ‘ಪ್ಲಾಸ್ಮಾ ಬ್ರಶ್’ ಅರ್ಧ ನಿಮಿಷದೊಳಗೆ ನೋವಿಲ್ಲದೆ ಕುಳಿ ಶುದ್ಧ ಮಾಡುತ್ತದೆಂದು 2011-12ರ ಸುಮಾರಿಗೆ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನನ್ನ ಊರಿನ ಯಾವ ಕ್ಲಿನಿಕ್ಕಿನಲ್ಲೂ ನಾನು ಅದನ್ನು ಕಂಡಿಲ್ಲ. ಪ್ಲಾಸ್ಮಾದಿಂದ ಹಲ್ಲು ಬೆಳ್ಳಗೆ ಮಾಡುವ ಸಂಶೋಧನೆಯೂ ನಡೆದಿದೆ. ಯಂತ್ರ ಅಂಗಡಿಗೆ ಮೊದಲು ಬರುವುದು ಅದಕ್ಕೇ ಇರಬೇಕೆಂದು ನನ್ನ ಗುಮಾನಿ. ನಗುವಿಗೆ ಇರುವ ಗಿರಾಕಿ ನೋವಿಗೆ ಇಲ್ಲ.

ಇದನ್ನೆಲ್ಲ ಓದಿಕೊಂಡು ಹೋದವನು ಸುಮ್ಮನಿರಲಾರದೆ ಡಾಕ್ಟರನ್ನು ಕೇಳಿಯೇಬಿಟ್ಟೆ. ‘ಡಾಕ್ಟ್ರೇ, ನನ್ನದಕ್ಕೆ ಪ್ಲಾಸ್ಮಾ ಹಿಡಿಯೋಕೆ ಆಗಲ್ವಾ?’ ಅವರು ಕೈಗವಸು ತೊಡುತ್ತಾ ನಕ್ಕರು. ‘ಬಂದಾಗ ನಿಮಗೇ ಮೊದಲು ಹೇಳಿ ಕಳಿಸ್ತೀನಿ ಸರ್. ಸದ್ಯಕ್ಕೆ ಈ ರಬ್ಬರ್ ಹಾಳೆ ಹಾಕಿಸ್ಕೊಳ್ಳಿ. ಹೋದ ಸಲ ನಿಮಗೆ ಇದನ್ನ ಹಾಕಿದ್ರಾ?’ ಹಾಕಿರಲಿಲ್ಲ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಜೊಲ್ಲನ್ನು ದೂರವಿಡುವ ಈ ಉಪಾಯ 1864ರಷ್ಟು ಹಳೆಯದು. ಕೊಟ್ಟವನು ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ದಂತವೈದ್ಯ. ಅದಿಲ್ಲದೆ ಬೇರು ತೊಳೆದರೆ ಒಂದು ಕಡೆ ಬ್ಯಾಕ್ಟೀರಿಯಾ ತೆಗೆಯುತ್ತಾ ಇನ್ನೊಂದು ಕಡೆ ಜೊಲ್ಲಿನ ಜೊತೆ ಒಳಗೆ ಬಿಟ್ಟಂತೆ. ನಾಲ್ಕನೆಯ ಸ್ಥಿತಿಯ ಬಗ್ಗೆ ಅಷ್ಟೆಲ್ಲ ಓದಿದ ನನಗೆ ಈ ರಬ್ಬರಿನ ತುಂಡಿನ ವಿಷಯ ಗೊತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ನನ್ನ ನಂತರದ ಸರದಿಯ ಹೆಂಗಸು ಕುಳಿತಿದ್ದರು. ಐವತ್ತರ ಆಸುಪಾಸು, ಸೆರಗಿನಿಂದ ಕೆನ್ನೆ ಒತ್ತಿ ಹಿಡಿದಿದ್ದರು. ನಾನು ಔಷಧಿ ಚೀಟಿಗಾಗಿ ನಿಂತಿದ್ದಾಗ ಒಳಗಿನ ಮಾತು ಕೇಳುತ್ತಿತ್ತು. ‘ಕಿತ್ತುಬಿಡಿ ತಾಯಿ, ಅತ್ಲಾಗೆ ಹೋಗ್ಲಿ’ ಎನ್ನುತ್ತಿದ್ದರು ಆಕೆ. ಡಾಕ್ಟರು, ‘ಇದು ಉಳಿಯೋ ಹಲ್ಲಮ್ಮ. ಕೀಳಿಸಿದ್ರೆ ಆ ಕಡೆ ಅಗಿಯೋಕೆ ಏನೂ ಉಳಿಯಲ್ಲ, ಆಗಲೇ ಎರಡು ಹೋಗಿವೆ’ ಎಂದರು. ಆಕೆ ದುಡ್ಡಿನ ಮಾತನ್ನು ಮೊದಲು ಕೇಳಲಿಲ್ಲ. ‘ಎಷ್ಟು ಸಲ ಬರಬೇಕಾಯ್ತದೆ?’ ಎಂದು ಕೇಳಿದರು. ಮೂರು ಸಲ. ಮೂರು ಸಲವೆಂದರೆ ಮೂರು ದಿನದ ಕೂಲಿ, ಬಂದುಹೋಗುವ ದಾರಿ ಬೇರೆ. ಐಂಡ್‌ಹೋವನ್ನಿನ ಸೂಜಿಯೋ ಕ್ಯಾಲಿಫೋರ್ನಿಯಾದ ಕಡ್ಡಿಯೋ ಬೇರಿನ ತುದಿ ಮುಟ್ಟುವಂತಾಗಿ, ಮೂರು ಸಲದ್ದನ್ನು ಒಂದೇ ಸಲಕ್ಕೆ ಮುಗಿಸುವಂತಾದರೆ ಅದರ ಬೆಲೆ ಗೊತ್ತಾಗುವುದು ಈಕೆಗೆ, ನನಗಲ್ಲ. ಹೀಲಿಯಂ ಸಿಲಿಂಡರಿನ ದುಡ್ಡು ಯಾರ ಬಿಲ್ಲಿಗೆ ಬೀಳುತ್ತದೆಂಬುದನ್ನು ಯಾವ ಪ್ರಬಂಧದಲ್ಲೂ ನಾನು ಓದಲಿಲ್ಲ.

ಆಕೆ ನೋವಿನ ಮಾತ್ರೆ ಬರೆಸಿಕೊಂಡು, ಮಗನನ್ನು ಕೇಳಿ ಸೋಮವಾರ ಬರುತ್ತೇನೆಂದು ಹೋದರು. ನನ್ನದೂ ಮುಂದಿನ ಸರದಿ ಸೋಮವಾರವೇ.